ಮಳೆಕೋಟಿನೊಳಗಿನ ಮಳೆ

2022ರ ಅಕ್ಟೋಬರ್. ಚಿತ್ತೆ ಮಳೆ ಹಿಡಿದು ಮೂರು ದಿನವಾಗಿತ್ತು. ಚಿಕ್ಕನಾಯಕನಹಳ್ಳಿಯಲ್ಲಿ ಕಾಲೇಜು ಮುಗಿಸಿ ಬೈಕು ಹತ್ತಿದವನು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಿ.ಎಚ್. ರಸ್ತೆ ದಾಟಿ, ತುರುವೇಕೆರೆ ದಾರಿಯಲ್ಲಿರುವ ನಮ್ಮೂರು ಸೇರುವಾಗ ಏಳು ಗಂಟೆ. ಜಗಲಿಯಲ್ಲಿ ನಿಂತು 450 ರೂಪಾಯಿಯ ನೀಲಿ ಮಳೆಕೋಟು ಬಿಚ್ಚಿದೆ. ಹೊಸದು. ಹರಿದಿರಲಿಲ್ಲ, ಹೊಲಿಗೆ ಬಿಟ್ಟಿರಲಿಲ್ಲ. ಆದರೂ ಒಳಗಿನ ಅಂಗಿಯನ್ನು ಹಿಂಡಿದರೆ ನೀರು ಬರುವಂತಿತ್ತು.

"ಕೋಟು ಹಾಕ್ಕೊಂಡೂ ಹಿಂಗೆ ನೆಂದು ತೊಪ್ಪೆ ಆಗಿದೀಯಲ್ಲೋ. ಅಂಗಡಿಯೋನು ತೂತಿರೋದು ಕೊಟ್ಟವ್ನೆ ನಿಂಗೆ" ಅಂದಳು ಅವ್ವ.

ಅಪ್ಪ ಮಾತಾಡಲಿಲ್ಲ. ಎದ್ದು ಬಂದು ನನ್ನ ಅಂಗಿಯ ಬೆನ್ನನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದ. ಬೆರಳು ಮೂಸಿದ. ಆಮೇಲೆ ಕೋಟಿನ ಒಳಮೈ ಮುಟ್ಟಿ ನೋಡಿದ. "ಇದು ಮಳೆ ನೀರಲ್ಲ ಕಣೇ. ಒಳಗೇ ಬೆವತೈತೆ" ಅಂದ.

ಕೊಬ್ಬರಿ ನೋಡುವವರ ಬೆರಳು ಅದು. ಒಂದು ಕೊಬ್ಬರಿ ಹೊರಗಿನ ನೀರು ತಾಗಿ ಹಾಳಾದದ್ದೋ, ಕಟ್ಟಿಟ್ಟ ಜಾಗದಲ್ಲಿ ಗಾಳಿಯಾಡದೆ ತಾನೇ ಬೆವತು ಹಾಳಾದದ್ದೋ ಎಂದು ಮುಟ್ಟಿ, ಮೂಸಿ ಹೇಳಬಲ್ಲವರು ನಮ್ಮ ಕಡೆ ಮನೆಗೊಬ್ಬರು ಇರುತ್ತಾರೆ. ನಾನು ಎಂ.ಎ. ಮಾಡಿ ಪಾಠ ಹೇಳುವವನು. ಅವತ್ತಿನವರೆಗೂ ಮಳೆಕೋಟು ಅಂದರೆ ಹೊರಗಿನ ಮಳೆಯನ್ನು ತಡೆಯುವುದು ಅಷ್ಟೇ ಅಂದುಕೊಂಡಿದ್ದೆ. ಒಳಗಿನಿಂದಲೂ ಒಂದು ಮಳೆ ಬರುತ್ತದೆ, ಅದಕ್ಕೂ ದಾರಿ ಬೇಕು ಎನ್ನುವುದು ಹೊಳೆದಿರಲೇ ಇಲ್ಲ.

ನಮ್ಮದು ಮಳೆಯ ನಾಡಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ಸಾಲು ಸಾಲು ತೆಂಗು ನೋಡಿ ಕರಾವಳಿಯ ಹಾಗೆ ಇಲ್ಲೂ ಸುರಿಯುತ್ತದೆ ಅಂದುಕೊಳ್ಳುವ ಗೆಳೆಯರು ನನಗಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಬಯಲುಸೀಮೆಯ ಅಂಚಿನವು. ಮಂಗಳೂರಿನಲ್ಲಿ ಮಳೆಗಾಲದ ಒಂದು ತಿಂಗಳಿಗೆ ಬೀಳುವಷ್ಟು ಮಳೆ ನಮಗೆ ವರ್ಷಕ್ಕೂ ಬೀಳುವುದಿಲ್ಲ. ತೆಂಗು ನಿಂತಿರುವುದು ಕೆರೆಯ ಹಿಂದಿನ ತೇವದಿಂದ, ಈಗ ಕೊಳವೆಬಾವಿಯಿಂದ. ಮೇ ತಿಂಗಳಲ್ಲಿ ಭರಣಿ, ಕೃತ್ತಿಕೆ ಅಂತ ನಾಲ್ಕು ಗುಡುಗಿನ ಮಳೆ. ಆ ಮಳೆಯಲ್ಲಿ ಮರಕ್ಕೆ ಸಿಡಿಲು ಬಡಿಯುವುದೂ ಉಂಟು, ಅದಕ್ಕೇ ತೋಟದಲ್ಲಿ ಯಾರೂ ನಿಲ್ಲುವುದಿಲ್ಲ. ಆಮೇಲೆ ಜೂನ್, ಜುಲೈಯಲ್ಲಿ ಮೋಡ ನಮ್ಮ ತಲೆಯ ಮೇಲೇ ಹಾದು ಹೋಗುತ್ತಿರುತ್ತದೆ, ಇಳಿಯುವುದಿಲ್ಲ. ಇಳಿಯುವುದೇನಿದ್ದರೂ ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅದೂ ಸಂಜೆ ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ.

ಹಾಗಾಗಿ ಮಳೆಕೋಟು ಕೊಳ್ಳುವ ಅಭ್ಯಾಸವೇ ನಮ್ಮಲ್ಲಿ ಬೆಳೆದಿಲ್ಲ. ನಾಲ್ಕು ದಿನದ ಮಳೆಗೆ ಯಾರು ದುಡ್ಡು ಹಾಕುತ್ತಾರೆ? ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿದರೆ ಕೊಪ್ಪೆ ಆಯಿತು. ತಲೆ, ಬೆನ್ನು ಎರಡೂ ಮುಚ್ಚುತ್ತದೆ, ಕೈ ಕೆಲಸಕ್ಕೆ ಬಿಡುವಾಗಿರುತ್ತದೆ. ಅದಕ್ಕೂ ಮೊದಲು ಗೋಣಿಚೀಲದ ಕೊಪ್ಪೆ, ಅದಕ್ಕೂ ಮೊದಲು ಕಂಬಳಿ ಕೊಪ್ಪೆ. ಬೈಕಿನವರದು ಇನ್ನೊಂದು ಪದ್ಧತಿ. ಮಳೆ ಬಂದರೆ ಪೆಟ್ರೋಲ್ ಬಂಕಿನ ಸೂರಿನಡಿ ನಿಲ್ಲುವುದು. ಕಿಬ್ಬನಹಳ್ಳಿ ಕ್ರಾಸಿನ ಅಂಗಡಿಸಾಲಿನ ಸೂರಿನಡಿ ಹಾಗೆ ಮಳೆ ಕಾಯುತ್ತಾ ನಿಂತವರ ನಡುವೆ ಎಷ್ಟು ತೋಟ ಮಾರಾಟವಾಗಿವೆಯೋ, ಎಷ್ಟು ಹೆಣ್ಣು ಗಂಡು ಕೂಡಿಬಂದಿವೆಯೋ ಲೆಕ್ಕ ಇಟ್ಟವರಿಲ್ಲ. ಗಂಡ ಎಕ್ಸೆಲ್ ಓಡಿಸುತ್ತಾ, ಹೆಂಡತಿ ಹಿಂದೆ ಕೂತು ಇಬ್ಬರಿಗೂ ಸೇರಿ ಒಂದು ಛತ್ರಿ ಹಿಡಿದು ಹೋಗುವ ದೃಶ್ಯವನ್ನಂತೂ ನೀವು ನೋಡಿಯೇ ಇರುತ್ತೀರಿ. ಛತ್ರಿ ಉಲ್ಟಾ ಹೊಡೆದ ಮೇಲೂ ಆಕೆ ಅದನ್ನು ಬಿಡುವುದಿಲ್ಲ.

ನನಗೆ ಕಾಯುತ್ತಾ ನಿಲ್ಲುವಂತಿರಲಿಲ್ಲ. ಅತಿಥಿ ಉಪನ್ಯಾಸಕನಿಗೆ ತಡವಾಗಿ ಹೋಗುವ ಸ್ವಾತಂತ್ರ್ಯವಿಲ್ಲ. ಹೆಸರು ಅತಿಥಿ, ಆದರೆ ಅತಿಥಿಯನ್ನು ಯಾರೂ ಹೀಗೆ ನಡೆಸಿಕೊಳ್ಳುವುದಿಲ್ಲ ಎಂಬ ಜೋಕು ನಮ್ಮ ನಡುವೆ ಹಳೆಯದು. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲ, ರಜೆಯ ತಿಂಗಳಿಗೆ ಸಂಬಳವಿಲ್ಲ. ಹಾಗಾಗಿ ಆ ವರ್ಷ ಒಂದೇ ಥರದ ಎರಡು ನೀಲಿ ಕೋಟು ತಂದಿದ್ದೆ, ನನಗೊಂದು, ಅಪ್ಪನಿಗೊಂದು. ಅಪ್ಪನದನ್ನು ಕೊಡುವಾಗ ಅಂಗಡಿಯವನ ಮಾತನ್ನೇ ಒಪ್ಪಿಸಿದ್ದೆ: "ಒಂದು ಹನಿ ಒಳಗೆ ಹೋಗಲ್ಲಪ್ಪಾ."

ಅಪ್ಪ ಆ ಮಾತನ್ನು ನಂಬಿದ. ನಂಬಿದ್ದೇ ಕಷ್ಟವಾಯಿತು.

2022 ಕೆರೆಗಳು ಕೋಡಿ ಬಿದ್ದ ವರ್ಷ. ಎಷ್ಟೋ ವರ್ಷದಿಂದ ನೀರು ಕಾಣದ ಕೆರೆಗಳೂ ತುಂಬಿ ಹರಿದವು. ನಮ್ಮ ಮನೆಯ ಹಳೇ ಹೆಂಚೂ ಆ ವರ್ಷ ಸೋತು, ಅಟ್ಟದ ಒಂದು ಮೂಲೆಗೆ ನೀರು ಇಳಿಯಿತು. ಸುಲಿದು ಚಿಪ್ಪು ಬಿಡಿಸಿ ಸಿದ್ಧವಾಗಿದ್ದ ಐದು ಚೀಲ ಕೊಬ್ಬರಿಯನ್ನು ಅಪ್ಪ ಜಗಲಿಗೆ ಇಳಿಸಿದ. ಮಳೆ ನಿಂತ ತಕ್ಷಣ ತಿಪಟೂರಿಗೆ ಸಾಗಿಸುವ ಲೆಕ್ಕ. ಎರಚಲು ಹೊಡೆಯುತ್ತಿತ್ತು. ಮೂರು ಚೀಲದ ಮೇಲೆ ಮನೆಯಲ್ಲಿದ್ದ ಕಂಬಳಿ, ಹಳೇ ಗೋಣಿ ಹೊದಿಸಿದ. ಉಳಿದೆರಡಕ್ಕೆ ಹೊದಿಸಲು ಏನೂ ಇರಲಿಲ್ಲ. ಮೊಳೆಗೆ ನೇತುಹಾಕಿದ್ದ, ಇನ್ನೂ ಮಡಿಕೆ ಬಿಡದ ತನ್ನ ನೀಲಿ ಕೋಟು ತೆಗೆದು, ಎರಡೂ ಚೀಲಕ್ಕೆ ಸೇರಿಸಿ ಸುತ್ತಿ, ತೋಳುಗಳನ್ನು ಗಂಟು ಹಾಕಿ, ಅಂಚನ್ನು ಚೀಲದಡಿ ಸಿಕ್ಕಿಸಿ ಭದ್ರ ಮಾಡಿದ. ತಾನು ಮಾತ್ರ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಓಡಾಡಿದ. ನಾನು ಸಂಜೆ ಬಂದು ನೋಡಿ, "ಅದನ್ನ ನಿಂಗೆ ಅಂತ ತಂದಿದ್ದಲ್ವಾ" ಎಂದು ರೇಗಿದೆ. "ನಾನು ನೆಂದ್ರೆ ಒಣಗ್ತೀನಿ ಕಣೋ, ಕೊಬ್ಬರಿ ನೆಂದ್ರೆ ಒಣಗ್ತದಾ?" ಅಂದ.

ಆರು ದಿನ ಮಳೆ ಬಿಡಲಿಲ್ಲ. ಏಳನೇ ದಿನ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ತಿಪಟೂರಿನ ಮಂಡಿಗೆ ಹೋದೆವು. ಖರೀದಿದಾರರು ಚೀಲಕ್ಕೆ ಕೈಹಾಕಿ, ತಳದಿಂದ ಒಂದೊಂದು ತೆಗೆದು, ಹೋಳು ಮಾಡಿ ನೋಡುತ್ತಾರೆ. ಕಂಬಳಿ ಹೊದ್ದಿದ್ದ ಮೂರು ಚೀಲ ಪಾಸಾದವು. ಕೋಟು ತೊಟ್ಟಿದ್ದ ಎರಡು ಚೀಲದ ಕೊಬ್ಬರಿ ಕೈಗೆ ಜಿಡ್ಡುಜಿಡ್ಡಾಗಿ ಹತ್ತಿತು, ಮೇಲೆ ತೆಳ್ಳಗೆ ಬಿಳಿ ಬೂಸ್ಟು. ಆತ ಜಗಳವಾಡಲಿಲ್ಲ, ಬೈಯಲೂ ಇಲ್ಲ. ಆ ಎರಡು ಚೀಲವನ್ನು ಕಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದ, ಅಷ್ಟೇ. ಅಪ್ಪನ ಮುಖ ನೋಡಲು ನನಗೆ ಆಗಲಿಲ್ಲ.

ವಾಪಸ್ಸು ಬರುವಾಗ ಅಪ್ಪ ಒಂದೇ ಮಾತು ಹೇಳಿದ್ದು. "ಹೊರಗಿಂದ ಒಂದು ಹನೀನೂ ಹೋಗಿಲ್ಲ. ನೀನು ಹೇಳಿದ್ದು ಸುಳ್ಳಲ್ಲ."

ಈ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ನಾನು ಮಳೆಕೋಟುಗಳ ಬಗ್ಗೆ ಓದತೊಡಗಿದೆ. ನಮ್ಮಂಥವರಿಗೆ ಪಶ್ಚಾತ್ತಾಪವಾದರೆ ಓದುತ್ತೇವೆ, ಬೇರೆ ದಾರಿ ಗೊತ್ತಿರುವುದಿಲ್ಲ.

ಓದುತ್ತಾ ಹೋದಂತೆ ನನ್ನ ನೀಲಿ ಕೋಟಿನ ಸಮಸ್ಯೆಗೆ 200 ವರ್ಷದ ವಯಸ್ಸಾಗಿದೆ ಎಂದು ಗೊತ್ತಾಯಿತು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಎಂಬಾತ ರಬ್ಬರನ್ನು ನ್ಯಾಫ್ತಾದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ನೀರು ಇಳಿಯದ ಬಟ್ಟೆ ಮಾಡಿ ಪೇಟೆಂಟ್ ತೆಗೆದುಕೊಂಡದ್ದು 1823ರಲ್ಲಿ. ಇಂಗ್ಲಿಷರು ಇವತ್ತಿಗೂ ಮಳೆಕೋಟನ್ನು ಅವನ ಹೆಸರಿನಿಂದ ಕರೆಯುತ್ತಾರೆ. ಅದು ಮಳೆಯನ್ನು ತಡೆಯಿತು, ಜೊತೆಗೆ ಮೈಯ ಬೆವರನ್ನೂ ತಡೆಯಿತು. ಸುಮ್ಮನೆ ಕೂತಿದ್ದರೂ ನಮ್ಮ ಚರ್ಮ ದಿನಕ್ಕೆ ಕೆಲವು ನೂರು ಮಿಲಿಲೀಟರ್ ನೀರನ್ನು ಕಣ್ಣಿಗೆ ಕಾಣದಂತೆ ಆವಿಯಾಗಿ ಬಿಡುತ್ತಿರುತ್ತದೆ. ಆ ಆವಿ ಪ್ಲಾಸ್ಟಿಕ್ಕಿನ ಒಳಮೈಗೆ ತಾಗಿ, ಹೊರಗಿನ ಮಳೆಗೆ ಅದು ತಣ್ಣಗಿರುವುದರಿಂದ, ಮತ್ತೆ ನೀರಾಗುತ್ತದೆ. ಬಿಸಿ ಅನ್ನದ ಪಾತ್ರೆಯ ಮುಚ್ಚಳದ ಒಳಗೆ ನಿಲ್ಲುವ ಹನಿ ಇದೆಯಲ್ಲ, ಅದೇ ಇದು.

ಇದಕ್ಕೆ ದಾರಿ ಸಿಕ್ಕಿದ್ದು 1969ರಲ್ಲಿ, ಅಮೆರಿಕದಲ್ಲಿ. ನಮ್ಮ ನಾನ್‌ಸ್ಟಿಕ್ ದೋಸೆ ಕಾವಲಿಗೆ ಬಳಿಯುವ ಟೆಫ್ಲಾನ್ ಎಂಬ ವಸ್ತುವನ್ನು ಎಳೆದು ಹಿಗ್ಗಿಸಲು ಬಾಬ್ ಗೋರ್ ಎನ್ನುವವರು ಒದ್ದಾಡುತ್ತಿದ್ದರು. ಬಿಸಿ ಮಾಡಿದ ಕಡ್ಡಿಯನ್ನು ನಿಧಾನವಾಗಿ, ಹುಷಾರಾಗಿ ಎಳೆದಷ್ಟೂ ತುಂಡಾಗುತ್ತಿತ್ತು. ಒಂದು ದಿನ ಬೇಸತ್ತು ಜೋರಾಗಿ ಜಗ್ಗಿದರು. ತುಂಡಾಗುವ ಬದಲು ಅದು ಹಲವು ಪಟ್ಟು ಹಿಗ್ಗಿ ನಿಂತಿತು. ಹಾಗೆ ಹಿಗ್ಗಿದ ಪೊರೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಮಳೆಹನಿ ತೂರಲಾರದಷ್ಟು ಚಿಕ್ಕವು, ನೀರಿನ ಆವಿ ಆರಾಮಾಗಿ ಹಾಯುವಷ್ಟು ದೊಡ್ಡವು. ಗೋರ್‌ಟೆಕ್ಸ್ ಅನ್ನುವುದು ಇದನ್ನೇ. ಈಗ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಪೊರೆ ಬಳಸಿ ಇದೇ ಕೆಲಸ ಮಾಡುತ್ತವೆ.

ಇದನ್ನೆಲ್ಲ ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ವಿವರಿಸಿದೆ. ಅಪ್ಪ ಮುದ್ದೆ ಮುರಿಯುತ್ತಾ ಕೇಳಿದ. ಕೊನೆಗೆ ತಲೆಯೆತ್ತಿ ಅಟ್ಟದ ಕಡೆ ನೋಡಿ, "ಕಾಯಿ ಮಾಡೋ ಕೆಲಸ ಅಲ್ವಾ ಅದು?" ಅಂದ.

ಕೊಬ್ಬರಿಯ ಊರಲ್ಲಿ ಹುಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕು. ಬೇರೆ ಕಡೆ ಎಣ್ಣೆಗೆಂದು ಹಸಿ ಕಾಯಿ ಒಡೆದು ಬಿಸಿಲಿಗೆ ಹರವುತ್ತಾರೆ. ನಮ್ಮದು ಉಂಡೆ ಕೊಬ್ಬರಿ, ತಿನ್ನುವುದು. ಚೆನ್ನಾಗಿ ಬಲಿತ ಕಾಯನ್ನು ಒಡೆಯುವುದೂ ಇಲ್ಲ, ಸುಲಿಯುವುದೂ ಇಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಅಟ್ಟದ ನೆಲ ಹಲಗೆ ಮುಚ್ಚಿದ್ದಲ್ಲ, ಸಂದು ಬಿಟ್ಟು ಜೋಡಿಸಿದ ಗಳುಗಳದ್ದು. ಕೆಳಗಿನಿಂದ ಗಾಳಿ ಏಳಬೇಕು. ಅಲ್ಲಿ ಕಾಯಿ ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಸುಮ್ಮನೆ ಬಿದ್ದಿರುತ್ತದೆ. ಒಳಗೆ ಒಂದು ಲೋಟದಷ್ಟು ನೀರು. ಸುತ್ತ ಕಲ್ಲಿನಂಥ ಚಿಪ್ಪು, ಅದರ ಸುತ್ತ ನಾರು, ಅದರ ಮೇಲೆ ನುಣುಪು ತೊಗಟೆ. ಎಲ್ಲೂ ತೂತಿಲ್ಲ, ಎಲ್ಲೂ ಸೋರುವುದಿಲ್ಲ. ಆದರೂ ಆ ನೀರು ದಿನದಿನಕ್ಕೆ ಕಡಿಮೆಯಾಗುತ್ತಾ ಹೋಗಿ ಒಂದು ದಿನ ಪೂರಾ ಇಲ್ಲವಾಗುತ್ತದೆ. ಆಗ ಒಳಗಿನ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಆ ಸದ್ದಿಗಾಗಿ ಮನೆಮಂದಿಯೆಲ್ಲ ಕಾಯುತ್ತಿರುತ್ತಾರೆ. ನನ್ನ ಕಾಲೇಜಿನ ಫೀಸು ಆ ಸದ್ದಿನಿಂದ ಬಂದದ್ದು. ಒಳಗಿನ ನೀರನ್ನು ಹೊರಗೆ ಬಿಡುವ, ಹೊರಗಿನದನ್ನು ಒಳಗೆ ಬಿಡದ ಕೋಟು ತಲೆಯ ಮೇಲೇ ಸಾವಿರಗಟ್ಟಲೆ ಇರುವಾಗ, ನಾನು ಅದರ ಕೆಳಗೆ ಕೂತು ಮೊಬೈಲಿನಲ್ಲಿ ಗೋರ್‌ಟೆಕ್ಸ್ ಓದುತ್ತಿದ್ದೆ.

ಅಪ್ಪ ಮುಂದುವರಿಸಿದ: "ಕಾಯಿಗೆ ಆತುರ ಮಾಡಿದ್ರೆ ಕೊಳೀತದೆ. ಅದು ಉಸಿರಾಡ್ತಾ ಉಸಿರಾಡ್ತಾ ತನ್ನ ನೀರು ತಾನೇ ಮುಗಿಸ್ಬೇಕು."

ಕಂಬಳಿಯದೂ ಇದೇ ಗುಣವಂತೆ. ಕುರಿಯ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಕೈಗೆ ಒದ್ದೆ ಅನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ, ಎಳೆಯ ಮೇಲಿರುವ ಜಿಡ್ಡು ಹನಿಯನ್ನು ಜಾರಿಸುತ್ತದೆ. ಕಂಬಳಿ ಹೊದ್ದ ಮೂರು ಚೀಲ ಉಳಿದದ್ದು ಅದಕ್ಕೇ. ಇದನ್ನು ಓದಿದ ಹುಮ್ಮಸ್ಸಿನಲ್ಲಿ ಒಂದು ದಿನ ನಾನು ಬೈಕಿನಲ್ಲೇ ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟೆ. ಅರ್ಧ ಕಿಲೋಮೀಟರು ಹೋಗುವುದರೊಳಗೆ ಅದು ಗಾಳಿ ತುಂಬಿಕೊಂಡು ನನ್ನನ್ನೇ ಹಿಂದಕ್ಕೆ ಎಳೆಯತೊಡಗಿತು, ಅಂಚು ಹಿಂದಿನ ಚಕ್ರದ ಕಡೆ ಇಳಿಯಿತು. ಚೈನಿಗೆ ಸೆರಗು ಸಿಕ್ಕಿ ಬಿದ್ದವರ ಕತೆಗಳು ನೆನಪಾಗಿ ನಿಲ್ಲಿಸಿ ಬಿಚ್ಚಿಟ್ಟೆ. ಕಂಬಳಿ ನಡೆಯುವವನ ಉಡುಗೆ, ಕುರಿ ಕಾಯುತ್ತಾ ನಿಲ್ಲುವವನ ಉಡುಗೆ. ಗಂಟೆಗೆ 50 ಕಿಲೋಮೀಟರಿನ ಗಾಳಿಗೆ ಮೈಗೆ ಅಂಟಿ ಕೂರುವ, ಕುತ್ತಿಗೆ ಮಣಿಕಟ್ಟು ಮುಚ್ಚುವ ಬೇರೆಯದೇ ಬೇಕು. ಅಗಲವಾದ ಪೊಂಚೊಗಳನ್ನೂ ಬೈಕಿಗೆ ಹಾಕಬಾರದು ಅನ್ನುವುದು ಆವತ್ತು ಕಲಿತದ್ದು.

ತಿಪಟೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ನೀರು ಹೋಗಲ್ವಾ?" "ಗ್ಯಾರಂಟಿ ಸಾರ್." "ಬೆವರು ಹೊರಗೆ ಬರುತ್ತಾ?" ಅಂಗಡಿಯವನು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಮಳೆಲಿ ಯಾಕ್ ಸಾರ್ ಬೆವರ್ತೀರಿ?" ಅಂದ. ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಅಂಗಡಿಗಳಲ್ಲಿ ಆ ಪ್ರಶ್ನೆಗೆ ಸರಕೇ ಇರಲಿಲ್ಲ.

2023ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಹೋಗಿದ್ದಾಗ ದೊಡ್ಡ ಅಂಗಡಿಯೊಂದರಲ್ಲಿ ಒಂದು ಗಂಟೆ ಚೀಟಿಗಳನ್ನೇ ಓದುತ್ತಾ ನಿಂತೆ. ಇಂಥ ಕೋಟುಗಳ ಚೀಟಿಯಲ್ಲಿ ಎರಡು ಅಂಕಿ ಇರುತ್ತವೆ. ಒಂದು ಮಿಲಿಮೀಟರಿನಲ್ಲಿ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ, ಎಷ್ಟು ಎತ್ತರವಾದಾಗ ಹನಿ ತೂರಿ ಬರುತ್ತದೆ ಎಂಬ ಲೆಕ್ಕ ಅದು. 10,000 ಮಿ.ಮೀ. ಅಂದರೆ ಹತ್ತು ಮೀಟರ್ ಎತ್ತರದ ನೀರು ನಿಂತರೂ ತಡೆಯುತ್ತದೆ ಎಂದು, ಒಂದು ತೆಂಗಿನ ಮರದಷ್ಟು ಎತ್ತರ ಅಂದುಕೊಳ್ಳಿ. ಇನ್ನೊಂದು ಗ್ರಾಮಿನಲ್ಲಿ. ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿಯನ್ನು ಹೊರಗೆ ಬಿಡುತ್ತದೆ ಎಂದು. ಮಾರುವವರು ಮೊದಲನೆಯದನ್ನು ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಎರಡನೆಯದು ಎಷ್ಟೋ ಕೋಟುಗಳ ಮೇಲೆ ಇರುವುದೇ ಇಲ್ಲ. ಇಲ್ಲದಿದ್ದರೆ ಅದು ನಮ್ಮ ನೀಲಿ ಕೋಟಿನ ಅಣ್ಣ ಎಂದು ತಿಳಿದು ಮುಂದೆ ಹೋಗಬಹುದು. ಒಳಗೆ ತಿರುವಿ ಹೊಲಿಗೆ ನೋಡಬೇಕು. ಸೂಜಿ ಹಾಕಿದ ಪ್ರತಿ ಕಡೆಯೂ ತೂತೇ, ಅದರ ಮೇಲೆ ಪಟ್ಟಿ ಅಂಟಿಸಿರಬೇಕು. ಜಿಪ್ಪಿನ ಮೇಲೆ ಮುಚ್ಚಳದ ಪಟ್ಟಿ ಬೇಕು. ಪ್ಯಾಂಟಿನ ಕವಲಿನಲ್ಲಿ ನಾಲ್ಕು ಹೊಲಿಗೆ ಬಂದು ಸೇರುತ್ತವೆ, ಬೈಕಿನ ಸೀಟಿನ ಮೇಲೆ ನೀರು ಮಡುಗಟ್ಟುವುದೂ ಅಲ್ಲೇ, ಮೊದಲು ಸೋರುವುದೂ ಅಲ್ಲೇ. ನಿಂತು ಅಳತೆ ನೋಡಿದರೆ ಸಾಲದು, ಬೈಕಿನಲ್ಲಿ ಕೂತ ಹಾಗೆ ಮಂಡಿ ಮಡಚಿ, ಕೈ ಮುಂದೆ ಚಾಚಿ ನೋಡಬೇಕು. ನಾನು ಅಂಗಡಿಯ ಬೆಂಚಿನ ಮೇಲೆ ಕಾಲು ಅಗಲಿಸಿ ಕೂತು ಇಲ್ಲದ ಹ್ಯಾಂಡಲ್ ಹಿಡಿದದ್ದನ್ನು ನೋಡಿ ಒಂದು ಮಗು ನಕ್ಕಿತು.

ಎರಡನೇ ಅಂಕಿಯ ಬಗ್ಗೆ ಒಂದು ಮಾತು ಯಾವ ಚೀಟಿಯೂ ಹೇಳುವುದಿಲ್ಲ. ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಹೆಚ್ಚು, ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತದೆ. ತುಂಬಿದ ಬಸ್ಸಿನಿಂದ ಇಳಿಯಬೇಕಾದರೆ ಬಾಗಿಲ ಮುಂದೆ ಜಾಗ ಇರಬೇಕಲ್ಲ, ಹಾಗೆ. ಹಿಮ ಬೀಳುವ ಊರಿನ ಚಳಿಗಾಳಿಯಲ್ಲಿ ಆವಿ ತೀರಾ ಕಡಿಮೆ, ಅಲ್ಲಿ ಈ ಕೋಟು ಚೆನ್ನಾಗಿ ಉಸಿರಾಡುತ್ತದೆ. ಮಂಗಳೂರಿನ ಸೆಕೆಯ ಮಳೆಯಲ್ಲಿ ಹೊರಗೂ ಆವಿ ತುಂಬಿ ತುಳುಕುತ್ತಿರುತ್ತದೆ, ಅಲ್ಲಿ ಎಷ್ಟು ದುಬಾರಿ ಕೋಟೂ ಏದುಸಿರು ಬಿಡುತ್ತದೆ. ನಮ್ಮ ಸೀಮೆ ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿಗೂ ಮೇಲಿದೆ. ಅಕ್ಟೋಬರಿನ ಮಳೆಸಂಜೆ ಇಲ್ಲಿ ತಂಪು. ನಮಗೆ ಅದು ಅರೆಬರೆಯಾದರೂ ಕೆಲಸ ಮಾಡುತ್ತದೆ ಎಂದು ಲೆಕ್ಕ ಹಾಕಿದೆ. ಗಾಢ ಹಳದಿ ಬಣ್ಣದ್ದು, ಬೆನ್ನಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯಿದ್ದದ್ದು ಆರಿಸಿದೆ. ಬಿ.ಎಚ್. ರಸ್ತೆ ದಾಟುವಾಗ ಲಾರಿಯವನಿಗೆ ಕಾಣಬೇಕಲ್ಲ. ಬೆಲೆ 4,999 ರೂಪಾಯಿ. ನೀಲಿ ಕೋಟು ಹನ್ನೊಂದು ಬರುತ್ತಿತ್ತು.

ಮನೆಗೆ ಬಂದು, ಚೀಟಿ ಕಿತ್ತೆಸೆದು, 1,200 ಎಂದು ಹೇಳಿದೆ.

ಆ ವರ್ಷ ಮಳೆ ಬರಲಿಲ್ಲ. ಉತ್ಪ್ರೇಕ್ಷೆಯಲ್ಲ, 2023ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಬರ ಘೋಷಿಸಿತು. ನನ್ನ ಹಳದಿ ಕೋಟು ಮೊಳೆಯ ಮೇಲೆ ದೂಳು ಹಿಡಿಯುತ್ತಾ ನೇತಾಡಿತು. ಮಳೆಯ ಜೊತೆ ಕೊಬ್ಬರಿಯ ಬೆಲೆಯೂ ಬಿತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದರೆ, ಮಾರುಕಟ್ಟೆ ಅದಕ್ಕಿಂತ ಸಾವಿರಗಟ್ಟಲೆ ಕೆಳಗೆ ಹೋಯಿತು. ಅಟ್ಟ ತುಂಬಿತ್ತು, ಇಳಿಸಲು ಮನಸ್ಸು ಬರುತ್ತಿರಲಿಲ್ಲ. ಆ ವರ್ಷದ ಕೊನೆಗೆ ನಾವು ಅತಿಥಿ ಉಪನ್ಯಾಸಕರು ಸೇವಾಭದ್ರತೆ ಕೇಳಿ ತರಗತಿ ಬಿಟ್ಟು ಹೊರಗೆ ಕೂತೆವು. ಮನೆಯಲ್ಲಿ ಕಾಸಿನ ಮಾತು ಬಂದಾಗಲೆಲ್ಲ ನನ್ನ ಕಣ್ಣು ಆ ಮೊಳೆಯ ಕಡೆ ಹೋಗುತ್ತಿತ್ತು. ಅವ್ವ ಸೊಸೈಟಿಯ ಸಾಲದ ಕಂತಿಗೆ 3,000 ಕಡಿಮೆ ಬಿದ್ದಿದೆ ಎಂದ ದಿನ ನಾನು ಊಟ ಬಿಟ್ಟು ಎದ್ದೆ, ತಲೆನೋವು ಅಂದೆ. ಬಿಸಿಲಿನಲ್ಲಿ ನೇತಾಡುವ ಮಳೆಕೋಟಿನಷ್ಟು ನಾಚಿಕೆಗೇಡಿನ ವಸ್ತು ಇನ್ನೊಂದಿಲ್ಲ.

2024ರಲ್ಲಿ ಮಳೆ ಬಂತು. ಮೊದಲ ಸಲ ಹಾಕಿಕೊಂಡು ಚಿಕ್ಕನಾಯಕನಹಳ್ಳಿಯಿಂದ ಬಂದವನು ಜಗಲಿಯಲ್ಲಿ ನಿಂತು ಅಂಗಿ ಮುಟ್ಟಿಕೊಂಡೆ. ಬೆನ್ನು ಸ್ವಲ್ಪ ತಣ್ಣಗಿತ್ತು, ಅಷ್ಟೇ. ಹೊರಮೈ ಮೇಲೆ ಹನಿಗಳು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಬೀಳುತ್ತಿದ್ದವು. ತುರುವೇಕೆರೆಯ ಗಂಗಾಧರೇಶ್ವರ ಗುಡಿಯ ಕರಿಕಲ್ಲಿನ ಬಸವನ ಮೈಯ ನುಣುಪು ನೆನಪಾಯಿತು. ಆದರೆ ನನ್ನ ಕೋಟಿನ ಹೊಳಪಿಗೆ ಅಷ್ಟು ಆಯುಸ್ಸಿರಲಿಲ್ಲ. ಕೆಸರಾಗಿದೆ ಎಂದು ಅವ್ವ ಅದನ್ನು ಸೋಪಿನ ಪುಡಿಯಲ್ಲಿ ನೆನೆಹಾಕಿ, ಕಲ್ಲಿನ ಮೇಲೆ ಕುಕ್ಕಿ, ಬ್ರಷ್ಷಿನಿಂದ ಉಜ್ಜಿಬಿಟ್ಟಳು. ಮುಂದಿನ ಮಳೆಗೆ ಹನಿ ಉರುಳಲಿಲ್ಲ, ಹೊರಬಟ್ಟೆ ನೀರು ಕುಡಿದು ಭಾರವಾಯಿತು. ಒಳಗಿನ ಪೊರೆ ನೀರನ್ನು ತಡೆಯಿತಾದರೂ, ಹೊರಗೆ ನೀರಿನ ಪದರ ನಿಂತ ಮೇಲೆ ಆವಿಗೆ ದಾರಿಯೆಲ್ಲಿ? ಮತ್ತೆ ಒಳಗೆ ಮಳೆ. ಸೋಪಿನ ಪುಡಿಯ ಅಂಶ ಉಳಿಯದಂತೆ ನಾಲ್ಕು ಸಲ ಬರೀ ನೀರಿನಲ್ಲಿ ಜಾಲಿಸಿ, ನೀರು ಜಾರಿಸುವ ಸ್ಪ್ರೇ ತರಿಸಿ ಹೊಡೆದ ಮೇಲೆ ಮುಕ್ಕಾಲು ಪಾಲು ಸರಿಯಾಯಿತು. ಕೋಟು ಕೊಳ್ಳುವವರು ಮನೆಯಲ್ಲಿ ಒಗೆಯುವವರು ಯಾರೋ ಅವರಿಗೆ ಮೊದಲು ವಿಷಯ ತಿಳಿಸಿರಬೇಕು. ನಾನೇ ಒಗೆದುಕೊಂಡಿದ್ದರೆ ಇನ್ನೂ ಒಳ್ಳೆಯದಿತ್ತು ಅನ್ನುವುದನ್ನು ನೀವು ಹೇಳಬೇಕಾಗಿಲ್ಲ, ಅವ್ವ ಹೇಳಿದ್ದಾಳೆ.

2025ರಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ದಾಟಿತು. ದಾಟಿದಾಗ ನಮ್ಮ ಅಟ್ಟದಲ್ಲಿ ಹೆಚ್ಚು ಉಳಿದಿರಲಿಲ್ಲ, ಅದು ಬೇರೆ ಮಾತು. ಆ ಅಕ್ಟೋಬರಿನಲ್ಲಿ ಅಪ್ಪನಿಗೆ ಉಬ್ಬಸ ಹೆಚ್ಚಾಯಿತು. ಅಟ್ಟದ ದೂಳು, ನಾರಿನ ದೂಳು ಐವತ್ತು ವರ್ಷ ಕುಡಿದ ಎದೆ. ತಿಪಟೂರಿನ ಡಾಕ್ಟರಿಗೆ ತೋರಿಸಿ, ಗುಳಿಗೆ, ಎಳೆದುಕೊಳ್ಳುವ ಔಷಧಿ ತೆಗೆದುಕೊಂಡು ಹೊರಗೆ ಬಂದಾಗ ಮೋಡ ಕಟ್ಟಿತ್ತು. ಕಿಬ್ಬನಹಳ್ಳಿ ಕ್ರಾಸಿಗೆ ಬರುವಷ್ಟರಲ್ಲಿ ಹಿಡಿದುಕೊಂಡಿತು. ಅಪ್ಪ ಚೀಲದಿಂದ ಕಂಬಳಿ ತೆಗೆಯಲು ಹೋದ.

"ಇವತ್ತು ಬೇಡ. ಇದನ್ನ ಹಾಕ್ಕೋ" ಎಂದು ನನ್ನ ಕೋಟು ಬಿಚ್ಚಿದೆ.

"ನಂಗೆ ಆ ಪ್ಲಾಸ್ಟಿಕ್ ಆಗಲ್ಲ ಕಣೋ, ಉಸಿರು ಕಟ್ತದೆ. ನೀಲೀದೂ ಒಂದು ದಿನ ಹಾಕ್ಕೊಂಡು ನೋಡಿದ್ದೆ. ಎದೆ ಹಿಡ್ಕೊಂತು. ಅದ್ಕೇ ಹಾಕ್ಲಿಲ್ಲ."

ಮೂರು ವರ್ಷದ ನಂತರ ಗೊತ್ತಾದ ಸಂಗತಿ. ನಾನು ಜಿಪುಣತನ ಅಂದುಕೊಂಡಿದ್ದೆ, ಹಠ ಅಂದುಕೊಂಡಿದ್ದೆ. ಹೆಚ್ಚು ಮಾತಾಡದೆ ತೋಳು ತೂರಿಸಿ, ಕಂಕುಳ ಕೆಳಗಿನ ಗಾಳಿ ಜಿಪ್ಪು ತೆರೆದು, ಕುತ್ತಿಗೆಯ ಪಟ್ಟಿ ಸಡಿಲ ಬಿಟ್ಟೆ. ಕಂಬಳಿಯನ್ನು ನಾನು ಹೊದೆಯುವಂತಿರಲಿಲ್ಲ, ಅದು ಗೊತ್ತೇ ಇದೆ. ಹಾಗೇ ಹೊರಟೆ. ಹದಿಮೂರು ಕಿಲೋಮೀಟರು ಮಳೆ ನನ್ನ ಎದೆಗೆ ನೇರವಾಗಿ ಹೊಡೆಯಿತು. ಹಿಂದೆ ಅಪ್ಪನ ಉಸಿರಿನ ಸದ್ದು ಕೇಳುತ್ತದೆಯೇ ಎಂದು ಕಿವಿಗೊಟ್ಟು ಓಡಿಸಿದೆ. ಹೆಲ್ಮೆಟ್ಟಿನೊಳಗೆ ಮಳೆಯ ಸದ್ದು ಬಿಟ್ಟು ಏನೂ ಕೇಳಲಿಲ್ಲ. ಎರಡು ಸಲ ನಿಲ್ಲಿಸಿ ಕೇಳಿದೆ. "ನಡೀ ನಡೀ" ಅಂದ.

ಜಗಲಿಯಲ್ಲಿ ನಾನು ಚಳಿಗೆ ನಡುಗುತ್ತಾ ನಿಂತಿದ್ದೆ, ಕಾಲಡಿ ನೀರು ಹರಿದು ಮೆಟ್ಟಿಲಿಗೆ ಇಳಿಯುತ್ತಿತ್ತು. ಅವ್ವ ಟವೆಲ್ಲಿಗೆ ಓಡಿದಳು. ಅಪ್ಪ ನಿಧಾನವಾಗಿ ಕೋಟು ಬಿಚ್ಚಿದ. ತನ್ನ ಅಂಗಿಯ ಪಕ್ಕೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿದ. ಬೆರಳು ಮೂಸಿದ. ಕೋಟಿನ ಒಳಮೈ ಮುಟ್ಟಿದ.

"ಏನು?" ಅಂದೆ.

"ಇನ್ನೊಂದು ತಿಂಗಳು ಅಟ್ಟದ ಮೇಲೆ ಇದ್ದಿದ್ರೆ ಪೂರಾ ಒಣಗ್ತಿತ್ತು" ಅಂದ. ಆಮೇಲೆ ಕೋಟನ್ನು ಮೊಳೆಗೆ ತಗುಲಿಹಾಕುತ್ತಾ, ನನ್ನ ಕಡೆ ನೋಡದೆ, "ಐದು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ ಕೊಟ್ಟಿದೀಯ. ಇಷ್ಟಾದ್ರೂ ಮಾಡ್ಬೇಕಲ್ಲ" ಅಂದ.

ಗೋಡೆಯ ಗಡಿಯಾರದ ಹಿಂದೆ, ಕರೆಂಟ್ ಬಿಲ್ಲುಗಳ ಜೊತೆ, ಆ ಚೀಟಿ ಇತ್ತು.